ಘಟ್ಟದ ತಿರುವಿನಲ್ಲಿ ಗಾಡಿಗಳ ಗುಂಪು ಒಡೆಯುವುದೇಕೆ?

ಪ್ರಶ್ನೆ: ಊರು ಶಿರಸಿ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ರೇಡಿಯೋದಲ್ಲಿ ಪರಸ್ಪರ ಮಾತಾಡುತ್ತ ಓಡುವ ಗಾಡಿಗಳನ್ನು ಗುಂಪು ಮಾಡಿ, ಗುಂಪಿಗೊಂದು ಕ್ಲಸ್ಟರ್ ಹೆಡ್, ಅಂದರೆ ಗುಂಪಿನ ಪರವಾಗಿ ಸಂದೇಶ ದಾಟಿಸುವ ಮುಖ್ಯ ಗಾಡಿ, ಆರಿಸುವುದು ನಮ್ಮ ಪ್ರಾಜೆಕ್ಟ್. ರಸ್ತೆ ಸಂಚಾರ ತೋರಿಸುವ ಸುಮೋ, ಗಾಡಿಗಳ ರೇಡಿಯೋ ಸಂಪರ್ಕ ತೋರಿಸುವ ವೇನ್ಸ್ ಎಂಬ ತಂತ್ರಾಂಶಗಳಲ್ಲಿ ಸಿಮ್ಯುಲೇಶನ್ ಮಾಡಿದ್ದೇವೆ. ಅಂಕೋಲಾ–ಕುಮಟಾ ನಡುವೆ ಹೆದ್ದಾರಿ 66ರಲ್ಲಿ ಒಂದು ಹೆಡ್ ಒಂದೂವರೆ ನಿಮಿಷ ನಿಲ್ಲುತ್ತದೆ. ಅದೇ ಕೋಡ್ ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ನಾಲ್ಕೈದು ಸೆಕೆಂಡಿಗೊಮ್ಮೆ ಹೆಡ್ ಬದಲಿಸುತ್ತದೆ. ವೇಗ, ದಿಕ್ಕು, ಅಂತರ ಮೂರಕ್ಕೂ ತೂಕ ಕೊಟ್ಟಿದ್ದೇವೆ. ದಿಕ್ಕಿನ ವ್ಯತ್ಯಾಸ 45 ಡಿಗ್ರಿ ದಾಟಿದರೆ ಗಾಡಿ ಗುಂಪಿನಿಂದ ಹೊರಗೆ, ಮೂರು ಸೆಕೆಂಡು ಬೀಕನ್ (ಗಾಡಿ ಆಗಾಗ ಕಳಿಸುವ ಕಿರುಸಂದೇಶ) ಬಾರದಿದ್ದರೂ ಹೊರಗೆ. ತೂಕ ಎಷ್ಟು ಬದಲಿಸಿದರೂ ಸರಿಹೋಗುತ್ತಿಲ್ಲ. ಎಲ್ಲಿ ತಪ್ಪಿದ್ದೇವೆ? ನಾಲ್ಕೈದು ಗಾಡಿಗಳಲ್ಲಿ ಸಣ್ಣ ಬೋರ್ಡ್ ಇಟ್ಟು ನಿಜವಾಗಿ ಪರೀಕ್ಷಿಸಬಹುದೇ?

ಉತ್ತರ: ತೂಕ ಬದಲಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ತಪ್ಪಿರುವುದು ತೂಕದಲ್ಲಲ್ಲ, ನೀವು ಏನನ್ನು ಅಳೆಯುತ್ತಿದ್ದೀರೋ ಅದರಲ್ಲಿ. ಕರಾವಳಿಯ ಹೆದ್ದಾರಿಯಲ್ಲಿ ಗಾಡಿಯ ಮೂತಿ ಎತ್ತ ಇದೆಯೋ ಅತ್ತಲೇ ಅದರ ಪ್ರಯಾಣ. ಘಟ್ಟದಲ್ಲಿ ಹಾಗಲ್ಲ. ಶಿರಸಿಗೆ ಹೊರಟ ಎರಡು ಗಾಡಿಗಳಲ್ಲಿ ಮುಂದಿನದು ಹೇರ್‌ಪಿನ್ ತಿರುವು ದಾಟಿ ಮೇಲಿನ ರಸ್ತೆಗೆ ಬಂದಿದೆ, ಹಿಂದಿನದು ಇನ್ನೂ ಕೆಳಗಿನ ರಸ್ತೆಯಲ್ಲಿದೆ ಎನ್ನಿ. ಎರಡರ ಮೂತಿಗಳ ನಡುವೆ ಸುಮಾರು 180 ಡಿಗ್ರಿ ವ್ಯತ್ಯಾಸ. ನಿಮ್ಮ ಕೋಡಿನ ಕಣ್ಣಿಗೆ ಅವು ಎದುರುಬದುರು ಹೋಗುವ ಗಾಡಿಗಳು, ಆದ್ದರಿಂದ ಗುಂಪಿನಿಂದ ಹೊರಗೆ. ಇನ್ನೂ ಕೆಟ್ಟದ್ದೇನೆಂದರೆ, ಅದೇ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಕುಮಟಾ ಕಡೆ ಇಳಿಯುತ್ತಿರುವ ಲಾರಿಯ ಮೂತಿಯೂ ಕೆಳಗಿನ ರಸ್ತೆಯಲ್ಲಿ ಹತ್ತುತ್ತಿರುವ ಕಾರಿನ ಮೂತಿಯೂ ಒಂದೇ ಕಡೆಗಿವೆ. ಆಕಾಶದಿಂದ ಅಳೆದರೆ ನಡುವೆ ನಲವತ್ತು ಮೀಟರ್ ಇದ್ದೀತು. ದಿಕ್ಕು ಒಂದೇ, ಅಂತರ ಕಡಿಮೆ, ವೇಗವೂ ಹತ್ತಿರಹತ್ತಿರ. ನಿಮ್ಮ ಸೂತ್ರ ಈ ಲಾರಿಯನ್ನೇ ಅತ್ಯುತ್ತಮ ಜೊತೆಗಾರ ಎಂದು ಆರಿಸುತ್ತದೆ. ಕೆಲವೇ ಸೆಕೆಂಡಿನಲ್ಲಿ ಲಾರಿ ಕೆಳಗಿನ ರಸ್ತೆಗೆ ಬಂದು ಕಾರನ್ನು ದಾಟಿ ಹೋಗುತ್ತದೆ. ಒಳಗಿರಬೇಕಾದದ್ದು ಹೊರಗೆ, ಹೊರಗಿರಬೇಕಾದದ್ದು ಒಳಗೆ. ಮೂರು ತೂಕಗಳನ್ನು ಹೇಗೆ ಹೊಂದಿಸಿದರೂ ಇದು ಸರಿಯಾಗದು.

ನಾಲ್ಕೈದು ಸೆಕೆಂಡು ಎಂಬ ನಿಮ್ಮ ಅಂಕಿಯಲ್ಲೇ ಇನ್ನೊಂದು ಸುಳಿವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಂದ ರಸ್ತೆಗೆ ವೇಗಮಿತಿ ಬರೆದಿಲ್ಲದಿದ್ದರೆ ಸುಮೋದ ಸಿದ್ಧ ಟೈಪ್ ಫೈಲು ಟ್ರಂಕ್, ಪ್ರೈಮರಿ ದರ್ಜೆಯ ರಸ್ತೆಗಳಿಗೆ ಸೆಕೆಂಡಿಗೆ 27.78 ಮೀಟರ್, ಅಂದರೆ ಗಂಟೆಗೆ 100 ಕಿ.ಮೀ. ವೇಗ ಕೊಡುತ್ತದೆ. ಲೇನ್ ಎಷ್ಟೆಂದು ಬರೆದಿಲ್ಲದಿದ್ದರೆ ಒಂದೊಂದು ದಿಕ್ಕಿಗೂ ಎರಡೆರಡು ಲೇನ್ ಹಾಕುತ್ತದೆ. ರಸ್ತೆ ನಡುವೆ ಬಳುಕಿದೆ ಎಂದು ಸುಮೋದ ಗಾಡಿ ವೇಗ ತಗ್ಗಿಸುವುದಿಲ್ಲ, ಏರಿದೆ ಎಂದು ಲೋಡ್ ಲಾರಿ ಏದುಸಿರು ಬಿಡುವುದೂ ಇಲ್ಲ. ಹಾಗಾಗಿ ನಿಮ್ಮ ಪರದೆಯ ಮೇಲೆ ದೇವಿಮನೆ ಘಟ್ಟವನ್ನು ಲಾರಿಗಳು ನಾಲ್ಕು ಲೇನಿನಲ್ಲಿ ನೂರರ ಹತ್ತಿರದ ವೇಗದಲ್ಲಿ ಹತ್ತುತ್ತಿರುವ ಸಾಧ್ಯತೆ ಹೆಚ್ಚು. ಸೆಕೆಂಡಿಗೆ 27.78 ಮೀಟರಿನಂತೆ ನಾಲ್ಕೈದು ಸೆಕೆಂಡಿಗೆ 110ರಿಂದ 140 ಮೀಟರ್. ತಿರುವಿನಿಂದ ತಿರುವಿಗೆ ಅಷ್ಟು ಅಂತರವಿದ್ದರೆ ತಿರುವಿಗೊಮ್ಮೆ ಹೆಡ್ ಬದಲಾಗುತ್ತಿದೆ ಎಂದೇ ಅರ್ಥ. ಖಚಿತ ಮಾಡಿಕೊಳ್ಳುವುದು ಸುಲಭ: ಹೆಡ್ ಬದಲಾದ ಪ್ರತಿ ಕ್ಷಣದ ಸ್ಥಾನವನ್ನು ನಕ್ಷೆಯ ಮೇಲೆ ಚುಕ್ಕಿ ಇಡಿ. ಚುಕ್ಕಿಗಳೆಲ್ಲ ತಿರುವುಗಳಲ್ಲೇ ಗುಡ್ಡೆ ಬಿದ್ದರೆ ರೋಗ ಇದೇ.

ಆದ್ದರಿಂದ ಮೊದಲ ಕೆಲಸ ರಸ್ತೆ ಸರಿಪಡಿಸುವುದು. ನಕ್ಷೆಯನ್ನು ಸುಮೋದ ರಸ್ತೆಯಾಗಿಸುವ ನೆಟ್‌ಕನ್ವರ್ಟ್‌ಗೆ ಎಡಬದಿ ಸಂಚಾರದ ಆಯ್ಕೆ ಕೊಡಿ, ಮರೆತರೆ ಗಾಡಿಗಳು ಬಲಕ್ಕೆ ಓಡುತ್ತವೆ. ಘಟ್ಟದ ಭಾಗಕ್ಕೆ ದಿಕ್ಕಿಗೊಂದೇ ಲೇನ್ ಇರಲಿ. ಹೇರ್‌ಪಿನ್ ಇರುವಲ್ಲಿ ಎಡ್ಜ್ (ಸುಮೋದಲ್ಲಿ ರಸ್ತೆಯ ಒಂದು ಭಾಗ) ತುಂಡರಿಸಿ ಆ ತುಂಡಿಗೆ ಗಂಟೆಗೆ 15–20 ಕಿ.ಮೀ., ನಡುವಿನ ನೇರ ತುಂಡುಗಳಿಗೆ 35–40 ಕೊಡಿ. ಲಾರಿ ವರ್ಗಕ್ಕೆ ಏರಿನಲ್ಲಿ ಬೇರೆಯೇ ಮಿತಿ ಬೇಕು. ಟೈಪ್ ಫೈಲಿನಲ್ಲಿ ಗಾಡಿಯ ವರ್ಗಕ್ಕೆ ತಕ್ಕ ವೇಗ ನಿರ್ಬಂಧ ಬರೆಯಲು ಅವಕಾಶವಿದೆ, ಸೆಕೆಂಡಿಗೆ 5ರಿಂದ 6 ಮೀಟರ್ ಇಟ್ಟು ನೋಡಿ. ಎದುರು ಲೇನಿಗೆ ಇಳಿದು ಓವರ್‌ಟೇಕ್ ಮಾಡುವುದನ್ನು ತೋರಿಸಲು ನೆಟ್‌ಕನ್ವರ್ಟ್‌ನಲ್ಲಿ ಎದುರು ಲೇನನ್ನು ಊಹಿಸುವ ಆಯ್ಕೆ ಇದೆ. ಅದನ್ನು ನೇರ ತುಂಡುಗಳಿಗೆ ಉಳಿಸಿ, ತಿರುವುಗಳಿಗೆ ತೆಗೆಯಿರಿ. ಇಷ್ಟಾದ ಮೇಲೆ ಒಮ್ಮೆ ಓಡಿಸಿ ನೋಡಿ. ಅಡಿಕೆ ಲೋಡಿನ ಲಾರಿ ಮುಂದೆ, ಅದರ ಹಿಂದೆ ಏಳೆಂಟು ಗಾಡಿಗಳ ಸಾಲು: ಘಟ್ಟದಲ್ಲಿ ದಿನಾ ಕಾಣುವ ನೋಟ ಪರದೆಯ ಮೇಲೂ ಮೂಡಬೇಕು. ಆ ಸಾಲಿನಲ್ಲಿ ಪರಸ್ಪರ ವೇಗದ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಅಂದರೆ ಘಟ್ಟವೇ ಗುಂಪು ಕಟ್ಟಿ ಕೊಡುತ್ತಿದೆ. ಹೆದ್ದಾರಿಗಿಂತ ಇಲ್ಲಿ ಗುಂಪು ಹೆಚ್ಚು ಗಟ್ಟಿಯಾಗಿರಬೇಕು.

ಎರಡನೆಯದು ಗುಡ್ಡ. ವೇನ್ಸ್‌ಗೆ ಗುಡ್ಡ ಗೊತ್ತಿಲ್ಲ. ಅದರ ಅಡ್ಡಿ ಲೆಕ್ಕಾಚಾರ ಕಟ್ಟಡಗಳ ಪಾಲಿಗನ್ (ನಕ್ಷೆಯ ಮೇಲಿನ ಹೊರರೇಖೆ) ನೋಡುತ್ತದೆ, ಅಷ್ಟೆ. ಉದಾಹರಣೆಯ ಕಾನ್ಫಿಗ್ ಫೈಲಿನಲ್ಲಿ ಕಟ್ಟಡದ ಪ್ರತಿ ಗೋಡೆಗೆ 9 ಡೆಸಿಬೆಲ್, ಒಳಗಿನ ಪ್ರತಿ ಮೀಟರಿಗೆ 0.4 ಡೆಸಿಬೆಲ್ ನಷ್ಟ ಎಂದಿರುತ್ತದೆ. ತಿರುವುಗಳ ನಡುವಿನ ಗುಡ್ಡದ ಏಣುಗಳನ್ನು ನೀವೇ ಪಾಲಿಗನ್ ಬರೆದು, ಅದಕ್ಕೊಂದು ಹೊಸ ಟೈಪ್ ಹೆಸರಿಟ್ಟು, ಆ ಹೆಸರನ್ನು ಕಾನ್ಫಿಗ್ ಫೈಲಿನಲ್ಲೂ ಸೇರಿಸಿ, ಪ್ರತಿ ಕಡಿತಕ್ಕೆ 30 ಡೆಸಿಬೆಲ್‌ನಷ್ಟು ದೊಡ್ಡ ನಷ್ಟ ಕೊಡಿ. ಕಾನ್ಫಿಗ್‌ನಲ್ಲಿ ಹೆಸರು ಸೇರಿಸಲು ಮರೆತರೆ ಪಾಲಿಗನ್ ಪರದೆಯಲ್ಲಿ ಕಾಣುತ್ತದೆ, ಆದರೆ ರೇಡಿಯೋ ಅದರ ಮೂಲಕ ಸಲೀಸಾಗಿ ಹಾದುಹೋಗುತ್ತದೆ.

ಪಾಲಿಗನ್ ಬರೆಯುವಾಗ ತಿರುವುಗಳಲ್ಲಿ ಎರಡು ಜಾತಿ ಇರುವುದನ್ನು ಗಮನಿಸಿ. ಹಳ್ಳದ ಕಡೆಗೆ ಒಳಸರಿದ ತಿರುವಿನಲ್ಲಿ ರಸ್ತೆಯ ಎರಡು ಬದಿಗಳು ಕಣಿವೆಯ ಮೇಲಿಂದ ಒಂದನ್ನೊಂದು ನೋಡುತ್ತಿರುತ್ತವೆ, ಸಂಕೇತಕ್ಕೆ ಹೆಚ್ಚಿನ ತಡೆಯಿಲ್ಲ. ಗುಡ್ಡದ ಮೂತಿಯನ್ನು ಬಳಸಿ ಹೋಗುವ ತಿರುವಿನಲ್ಲಿ ಮುಂದಿನ ಗಾಡಿ ಮರೆಯಾಯಿತೆಂದರೆ, ಹಿಂದಿನದು ಮೂತಿ ದಾಟುವ ತನಕ ಅದರ ಸದ್ದಿಲ್ಲ. ಈ ಮರೆಯ ಅವಧಿ ಎಷ್ಟು? ಎರಡು ಗಾಡಿಗಳ ನಡುವೆ 50 ಮೀಟರ್, ವೇಗ ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ 5.6 ಮೀಟರ್. ಸುಮಾರು ಒಂಬತ್ತು ಸೆಕೆಂಡು. ನಿಮ್ಮ ಟೈಮ್‌ಔಟ್ ಮೂರೇ ಸೆಕೆಂಡು. 45 ಡಿಗ್ರಿಯ ನಿಯಮ ತೆಗೆದು, ಗುಡ್ಡ ಸೇರಿಸಿದ ಮರುಕ್ಷಣ ಈ ಮೂರು ಸೆಕೆಂಡು ನಿಮ್ಮನ್ನು ಕಾಡತೊಡಗುತ್ತದೆ. ನಿಜವಾದ ಘಟ್ಟದಲ್ಲಂತೂ ಮೊದಲ ದಿನದಿಂದಲೇ ಕಾಡುತ್ತದೆ.

ಪರಿಹಾರದ ತಿರುಳು ಇಷ್ಟೇ: ಗಾಡಿಯ ಸ್ಥಾನವನ್ನು ಅಕ್ಷಾಂಶ ರೇಖಾಂಶದಲ್ಲಿ ಯೋಚಿಸಬೇಡಿ, ರಸ್ತೆಯ ಉದ್ದಕ್ಕೆ ಅಳೆಯಿರಿ. ಹೆದ್ದಾರಿ 66ರಿಂದ ಶಿರಸಿ ರಸ್ತೆ ಕವಲೊಡೆಯುವ ದೀವಗಿಯನ್ನು ಸೊನ್ನೆ ಎಂದಿಟ್ಟುಕೊಂಡರೆ ಕತಗಾಲ, ದೇವಿಮನೆ, ರಾಗಿಹೊಸಳ್ಳಿ ಎಲ್ಲವೂ ಆ ಒಂದೇ ಗೆರೆಯ ಮೇಲಿನ ಮೀಟರ್ ಅಂಕಿಗಳು. ಅಂಕಿ ಏರುತ್ತಿದ್ದರೆ ಗಾಡಿ ಶಿರಸಿ ಕಡೆಗೆ, ಇಳಿಯುತ್ತಿದ್ದರೆ ಕುಮಟಾ ಕಡೆಗೆ. ಮೂತಿ ಎತ್ತಲಾದರೂ ಇರಲಿ. ಸಿಮ್ಯುಲೇಶನ್‌ನಲ್ಲಿ ಎಡ್ಜ್ ಹೆಸರು ಮತ್ತು ಲೇನಿನ ಮೇಲಿನ ಸ್ಥಾನ ಸುಮೋದಿಂದ ಮಾಹಿತಿ ತರುವ ಟ್ರೇಸಿಯಿಂದ ನೇರವಾಗಿ ಸಿಗುತ್ತವೆ, ಎಡ್ಜ್‌ಗಳ ಉದ್ದ ಕೂಡಿಸಿಕೊಂಡರೆ ಸಾಕು. ರಸ್ತೆಯ ಮೇಲೆ ಪರೀಕ್ಷಿಸುವಾಗ ಹತ್ತು ಮೀಟರಿಗೊಂದು ಬಿಂದುವಿನ ಪಟ್ಟಿ ಬೋರ್ಡಿನಲ್ಲೇ ಇಟ್ಟುಕೊಂಡು, ಹಿಂದಿನ ಸ್ಥಾನದಿಂದ ಮುಂದಕ್ಕೂ ಹಿಂದಕ್ಕೂ ನೂರು ಮೀಟರಿನೊಳಗೆ ಮಾತ್ರ ಹುಡುಕಿ. ಇಡೀ ಪಟ್ಟಿ ಹುಡುಕಿದರೆ ಜಿಪಿಎಸ್ ಸ್ವಲ್ಪ ತಪ್ಪಿದಾಗ ಗಾಡಿ ಕೆಳಗಿನ ರಸ್ತೆಯಿಂದ ಮೇಲಿನ ರಸ್ತೆಗೆ ಜಿಗಿದುಬಿಡುತ್ತದೆ. ಮರಗಳ ಚಪ್ಪರದ ಕೆಳಗೆ ಇದು ಪದೇಪದೇ ಆಗುವ ತೊಂದರೆ.

ಬೀಕನ್ನಿನಲ್ಲಿ ಗಾಡಿಯ ಸಂಖ್ಯೆ, ರಸ್ತೆಯ ಅಂಕಿ, ಸಾಗುವ ಕಡೆ, ಕಳೆದ ಐದು ಸೆಕೆಂಡಿನ ಸರಾಸರಿ ವೇಗ, ತನ್ನ ಹೆಡ್ ಯಾರು, ಮುಂದಿನ ಕವಲಿನಲ್ಲಿ ಎತ್ತ ಹೋಗುತ್ತದೆ ಎಂಬುದು, ಒಂದು ಕ್ರಮಸಂಖ್ಯೆ ಇರಲಿ. ಎಲ್ಲ ಸೇರಿ 20–25 ಬೈಟ್. ಗುಂಪು ಕಟ್ಟಲು ಅರ್ಧ ಸೆಕೆಂಡಿಗೊಂದು ಬೀಕನ್ ಸಾಕು. ಡಿಕ್ಕಿ ತಪ್ಪಿಸುವ ಸುರಕ್ಷತಾ ಸಂದೇಶಗಳಿಗೆ ಸೆಕೆಂಡಿಗೆ ಹತ್ತು ಬೇಕು, ಅವು ಬೇರೆ. ಗುಂಪು ಏಕೆ ಬೇಕು ಎಂಬುದರ ಉತ್ತರವೂ ಆ ಹತ್ತರಲ್ಲೇ ಇದೆ. ಪರಸ್ಪರ ಕೇಳಿಸುವಷ್ಟು ಹತ್ತಿರ ನೂರು ಗಾಡಿಗಳಿದ್ದು, ಒಂದೊಂದೂ 300 ಬೈಟಿನ ಸಂದೇಶವನ್ನು ಸೆಕೆಂಡಿಗೆ ಹತ್ತು ಬಾರಿ ಕಳಿಸಿದರೆ 2.4 ಮೆಗಾಬಿಟ್ ಆಯಿತು. ಗಾಡಿಗಳ ವೈಫೈ ಎನ್ನಬಹುದಾದ 802.11ಪಿ ಮಾನದಂಡದಲ್ಲಿ 10 ಮೆಗಾಹರ್ಟ್ಸ್ ಚಾನೆಲ್‌ಗೆ ಸಾಮಾನ್ಯವಾಗಿ ಬಳಸುವ ವೇಗ 6 ಮೆಗಾಬಿಟ್. ಶೇ. 40 ಅಲ್ಲೇ ಮುಗಿಯಿತು. ಪ್ರತಿ ಗಾಡಿಯೂ ದೂರದ ಸುದ್ದಿಯನ್ನು ತಾನೂ ಮರುಪ್ರಸಾರ ಮಾಡಹೊರಟರೆ ಚಾನೆಲ್ ಕಟ್ಟಿಕೊಳ್ಳುತ್ತದೆ. ಹೆಡ್ ಒಂದೇ ಅದನ್ನು ಮಾಡಬೇಕು.

ಹೆಡ್ ಆರಿಸಲು ವೇಗ, ಅಂತರ ಎಂದು ಬೇರೆಬೇರೆ ತೂಕ ಬೇಡ. ಎರಡನ್ನೂ ಒಂದೇ ಅಂಕಿಯಾಗಿ ಮಾಡುವ ದಾರಿಯಿದೆ: ಈ ಕೊಂಡಿ ಇನ್ನೆಷ್ಟು ಸೆಕೆಂಡು ಉಳಿದೀತು? ನಂಬಬಹುದಾದ ವ್ಯಾಪ್ತಿ 200 ಮೀಟರ್ ಎನ್ನೋಣ. ಲಾರಿ ಗಂಟೆಗೆ 40ರಲ್ಲಿ, ಅದರ 80 ಮೀಟರ್ ಹಿಂದೆ ಕಾರು 58ರಲ್ಲಿ. ವ್ಯತ್ಯಾಸ 18, ಅಂದರೆ ಸೆಕೆಂಡಿಗೆ 5 ಮೀಟರ್. ಕಾರು ಲಾರಿಯನ್ನು ಮುಟ್ಟಲು 80 ಮೀಟರ್, ದಾಟಿ ದೂರವಾಗಲು 200 ಮೀಟರ್, ಒಟ್ಟು 280. ಐದರಿಂದ ಭಾಗಿಸಿದರೆ 56 ಸೆಕೆಂಡು. ಅದೇ ಕಾರು ಈಗಾಗಲೇ 80 ಮೀಟರ್ ಮುಂದಿದ್ದರೆ ಉಳಿದಿರುವುದು 120 ಮೀಟರ್, 24 ಸೆಕೆಂಡು. ಅಂತರ ಅದೇ, ವೇಗವೂ ಅದೇ, ಆಯುಷ್ಯ ಮಾತ್ರ ಅರ್ಧಕ್ಕಿಂತ ಕಡಿಮೆ. ನಿಮ್ಮ ತೂಕದ ಸೂತ್ರಕ್ಕೆ ಈ ಎರಡರ ನಡುವೆ ಭೇದವೇ ಕಾಣುತ್ತಿರಲಿಲ್ಲ. ಎದುರುಬದುರು ಐವತ್ತೈವತ್ತರಲ್ಲಿ ಬರುವ ಗಾಡಿಗಳಿಗೆ ಮೊದಲಿಂದ ಕೊನೆಯವರೆಗೆ ಸಿಗುವುದೇ 14 ಸೆಕೆಂಡು, ಗುಂಪಿಗೆ ಅವು ಬೇಡ.

ಇಲ್ಲಿ ಒಂದು ಹೊಂಡವಿದೆ. ವೇಗದ ವ್ಯತ್ಯಾಸ ಸೊನ್ನೆಗೆ ಹತ್ತಿರವಾದರೆ ಭಾಗಲಬ್ಧ ಸಾವಿರಾರು ಸೆಕೆಂಡಿಗೆ ಹಾರುತ್ತದೆ, ಒಂದೇ ನೆರೆಗಾಡಿ ಇಡೀ ಸರಾಸರಿಯನ್ನು ಎಳೆದೊಯ್ಯುತ್ತದೆ. ಆದ್ದರಿಂದ 60 ಸೆಕೆಂಡಿಗೆ ಮಿತಿ ಕಟ್ಟಿ, ಸರಾಸರಿಯ ಬದಲು ಮಧ್ಯಾಂಕ ತೆಗೆದುಕೊಳ್ಳಿ. ಆ ಮಧ್ಯಾಂಕವೇ ಗಾಡಿಯ ಅಂಕ. ಒಂದೇ ಕಡೆ ಸಾಗುವ, ಕಳೆದ ಹತ್ತು ಬೀಕನ್ನುಗಳಲ್ಲಿ ಏಳಾದರೂ ಕೇಳಿಸಿದ, ಮುಂದಿನ ಕವಲಿನಲ್ಲೂ ಜೊತೆಗೇ ಬರುವ ನೆರೆಗಾಡಿಗಳಷ್ಟೇ ಲೆಕ್ಕಕ್ಕೆ. ಕವಲಿನ ಮಾತು ಸಣ್ಣದಲ್ಲ: ಕುಮಟಾದಿಂದ ಒಟ್ಟಿಗೆ ಹೊರಟ ಗುಂಪು ದೀವಗಿಯಲ್ಲಿ ಎರಡಾಗುತ್ತದೆ, ಅಂಕೋಲಾದವು ನೇರ, ಶಿರಸಿಯವು ಬಲಕ್ಕೆ. ಬಸ್ಸಿನ ದಾರಿ ಮೊದಲೇ ಗೊತ್ತು, ಕಾರಿನದು ಇಂಡಿಕೇಟರ್ ಹಾಕಿದಾಗ ಗೊತ್ತಾಗುತ್ತದೆ.

ಅಂಕ ಸಿಕ್ಕ ಮೇಲೆ ಚುನಾವಣೆಗೆ ಸಂದೇಶಗಳ ಸಂತೆ ಬೇಡ. ಪ್ರತಿ ಗಾಡಿಯೂ ತನ್ನ ಅಂಕಕ್ಕೆ ತಕ್ಕಂತೆ ಕಾಯಲಿ: 60 ಅಂಕದವರು 0.2 ಸೆಕೆಂಡು, ಸೊನ್ನೆಯವರು ಒಂದು ಸೆಕೆಂಡು, ನಡುವಿನವರು ಅದೇ ಅನುಪಾತದಲ್ಲಿ. ಅಂಕ ಸಮವಾದಾಗ ಇಬ್ಬರೂ ಒಟ್ಟಿಗೆ ಕೂಗದಂತೆ ಹತ್ತಿಪ್ಪತ್ತು ಮಿಲಿಸೆಕೆಂಡಿನ ಯಾದೃಚ್ಛಿಕ ವ್ಯತ್ಯಾಸ ಸೇರಿಸಿ. ಮೊದಲು ಘೋಷಿಸಿದ ಗಾಡಿಯೇ ಹೆಡ್, ಕೇಳಿಸಿಕೊಂಡವು ತಮ್ಮ ಗಡಿಯಾರ ನಿಲ್ಲಿಸಿ ಸದಸ್ಯರಾಗುತ್ತವೆ. ಒಮ್ಮೆ ಕುಳಿತ ಹೆಡ್ ಸುಲಭಕ್ಕೆ ಏಳಬಾರದು. ಇನ್ನೊಂದರ ಅಂಕ 1.25 ಪಟ್ಟು ಮೀರಿ, ಸತತ ಐದು ಸೆಕೆಂಡು ಹಾಗೇ ಉಳಿದರೆ ಮಾತ್ರ ಬದಲಾವಣೆ. ಎರಡು ಗುಂಪುಗಳ ಹೆಡ್‌ಗಳು ಹತ್ತಿರ ಬಂದರೂ ಹಾಗೆಯೇ: ಒಂದೇ ಕಡೆ ಸಾಗುತ್ತ ಹತ್ತು ಸೆಕೆಂಡು ಪರಸ್ಪರ ಕೇಳಿಸಿದ ಮೇಲಷ್ಟೇ ಸಣ್ಣ ಗುಂಪು ದೊಡ್ಡದರಲ್ಲಿ ಸೇರಲಿ.

ಇನ್ನು ಆ ಟೈಮ್‌ಔಟ್. ಹೆದ್ದಾರಿಗೆ ಮೂರು ಸೆಕೆಂಡು ಇರಲಿ. ಘಟ್ಟದಲ್ಲಿ ಎರಡು ಗಾಡಿಗಳ ನಡುವಿನ ರಸ್ತೆಯ ಅಂತರವನ್ನು ವೇಗದಿಂದ ಭಾಗಿಸಿ, ಮೇಲೆ ಮೂರು ಸೇರಿಸಿ. ನಮ್ಮ ಉದಾಹರಣೆಯಲ್ಲಿ ಹನ್ನೆರಡು ಸೆಕೆಂಡು. ಅಷ್ಟು ಹೊತ್ತು ಮರೆಯಾದ ಗಾಡಿಯನ್ನು ಅದರ ಕೊನೆಯ ವೇಗದಲ್ಲೇ ರಸ್ತೆಯ ಗೆರೆಯ ಮೇಲೆ ಮುಂದೂಡುತ್ತಿರಿ. ಈ ನಡುವೆ ಸಂದೇಶ ತಲುಪಬೇಕಲ್ಲ, ಅದಕ್ಕೆ ಎರಡು ಹಾಪ್ (ಗಾಡಿಯಿಂದ ಗಾಡಿಗೆ ಸಂದೇಶದ ಒಂದೊಂದು ಜಿಗಿತ) ಬೇಕು. ಮೂತಿಯ ತುದಿಯಲ್ಲೇ ಇರುವ ಗಾಡಿಗೆ ಆಚೆಯದೂ ಈಚೆಯದೂ ಕೇಳಿಸುತ್ತದೆ. ಹೆಡ್‌ನ ದನಿ ಕೇಳದ ಸದಸ್ಯ, ಹೆಡ್ ಕೇಳಿಸುತ್ತದೆ ಎಂದು ಬೀಕನ್ನಿನಲ್ಲಿ ಹೇಳುತ್ತಿರುವ ನೆರೆಗಾಡಿಯನ್ನು ಹಿಡಿದುಕೊಳ್ಳಲಿ. ಮೂರನೆಯ ಹಾಪ್‌ಗೆ ಹೋಗಬೇಡಿ, ಯಾರು ಯಾರ ಮೂಲಕ ಎಂಬ ಪಟ್ಟಿ ನವೀಕರಿಸುವುದರಲ್ಲೇ ಚಾನೆಲ್ ಮುಗಿಯುತ್ತದೆ.

ಯಾವ ಗಾಡಿ ಒಳ್ಳೆಯ ಹೆಡ್? ಆಂಟೆನಾ ಎತ್ತರದಲ್ಲಿರುವುದರಿಂದ ಬಸ್ಸು, ಲಾರಿಗಳ ಮೇಲೆ ಆಸೆ ಹುಟ್ಟುತ್ತದೆ. ಘಟ್ಟದ ಸಾಲಿನಲ್ಲಿ ಲಾರಿ ನಿಜಕ್ಕೂ ಒಳ್ಳೆಯದು, ಆದರೆ ಘಟ್ಟ ಹತ್ತಿ ಮುಗಿದೊಡನೆ ಹಿಂದಿನವೆಲ್ಲ ಅದನ್ನು ದಾಟಿ ಹೋಗುತ್ತವೆ. ಆ ಜಾಗದ ಅಂಕಿ ಗೊತ್ತಿದ್ದರೆ ಅರ್ಧ ಕಿಲೋಮೀಟರ್ ಮೊದಲೇ ಅಧಿಕಾರ ಹಸ್ತಾಂತರ ಶುರುಮಾಡಬಹುದು. ಹೊನ್ನಾವರ–ಕುಮಟಾ ಕಡೆಯ ಪ್ಯಾಸೆಂಜರ್ ಟೆಂಪೋವನ್ನು ಮಾತ್ರ ಹೆಡ್ ಮಾಡಬೇಡಿ, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ. ಪರೀಕ್ಷೆಯನ್ನು ಹೊಳೆಗದ್ದೆ ಅಥವಾ ಹಟ್ಟಿಕೇರಿ ಟೋಲ್ ದಾಟಿಸಿದರೆ ಅಲ್ಲಿನ ಸಾಲಿನಲ್ಲಿ ಹುಟ್ಟಿದ ಗುಂಪು ಗೇಟು ದಾಟಿದೊಡನೆ ಚೆದುರುತ್ತದೆ. ಗೇಟಿನಿಂದ ಮುನ್ನೂರು ಮೀಟರಿನೊಳಗೆ ಹೊಸ ಚುನಾವಣೆ ನಡೆಯದಂತೆ ತಡೆಯಿರಿ.

ನೀವು ಹೋಲಿಕೆಗೆ ಇಟ್ಟುಕೊಳ್ಳುವ ಹಳೆಯ ವಿಧಾನಗಳ ಬಗ್ಗೆ ಎರಡು ಮಾತು. ಜಾಲದ ನೋಡ್‌ಗಳಲ್ಲಿ (ಇಲ್ಲಿ ಗಾಡಿಗಳಲ್ಲಿ) ಅತಿ ಕಡಿಮೆ ಗುರುತಿನ ಸಂಖ್ಯೆಯದನ್ನೇ ಹೆಡ್ ಮಾಡುವ ಪದ್ಧತಿಯ ಬೇರು 1981ರ ಬೇಕರ್ ಮತ್ತು ಎಫ್ರೆಮಿಡಿಸ್ ಅವರ ಕೆಲಸದಲ್ಲಿದೆ. ಅದಕ್ಕೆ ಚಲನೆಯ ಪರಿವೆಯೇ ಇಲ್ಲ, ತಳಮಟ್ಟದ ಹೋಲಿಕೆಗೆ ಸರಿ. 2001ರ ಮೊಬಿಕ್ ವಿಧಾನ ಒಂದರ ಹಿಂದೊಂದು ಬಂದ ಸಂಕೇತಗಳ ಶಕ್ತಿಯ ಅನುಪಾತದಿಂದ ಚಲನೆಯನ್ನು ಊಹಿಸುತ್ತದೆ. ಜಿಪಿಎಸ್ ಬೇಕಿಲ್ಲದಿರುವುದು ಅದರ ಸೊಗಸು. ಆದರೆ ಬಂಡೆಗೆ ಬಡಿದು ಮರಳುವ ಸಂಕೇತ ಘಟ್ಟದಲ್ಲಿ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ, ಸಾಲಿನಲ್ಲಿ ತೆವಳುತ್ತಿರುವ ಗಾಡಿಯೂ ಅದಕ್ಕೆ ಓಡಾಡುತ್ತಿರುವಂತೆ ಕಾಣುತ್ತದೆ. ಮೂರನೆಯ ಹೋಲಿಕೆಯಾಗಿ, ನೆರೆಯವು ಪರಸ್ಪರ ಸಂದೇಶ ಕಳಿಸಿಕೊಂಡು ಹೆಡ್ ಒಪ್ಪಿಕೊಳ್ಳುವ ಅಫಿನಿಟಿ ಪ್ರೊಪಗೇಶನ್ ಬಳಸಬಹುದು. ಗುಂಪುಗಳು ಚೆನ್ನಾಗಿ ಬರುತ್ತವೆ, ಸಂದೇಶಗಳ ಖರ್ಚು ಹೆಚ್ಚು.

ಇನ್ನು ರಸ್ತೆಯ ಮೇಲಿನ ಪರೀಕ್ಷೆ. ಖಂಡಿತ ಮಾಡಿ. 802.11ಪಿ ಬಳಸುವ 5.9 ಗಿಗಾಹರ್ಟ್ಸ್‌ನಲ್ಲಿ ಅನುಮತಿಯಿಲ್ಲದೆ ಪ್ರಸಾರ ಮಾಡಬೇಡಿ. 2.4 ಗಿಗಾಹರ್ಟ್ಸ್‌ನ ಇಎಸ್‌ಪಿ32 ಬೋರ್ಡ್ ಮತ್ತು ಅದರ ಇಎಸ್‌ಪಿ-ನೌ ವಿಧಾನ ಸಾಕು, ಒಂದು ಸಂದೇಶಕ್ಕೆ 250 ಬೈಟ್ ಹಿಡಿಯುತ್ತದೆ. ಹೊರಗಿನ ಆಂಟೆನಾ ಸಿಕ್ಕಿಸಲು ಬರುವ 32ಯು ಮಾದರಿಯನ್ನೇ ಕೊಳ್ಳಿ, ಆಯಸ್ಕಾಂತದ ತಳವಿರುವ ಆಂಟೆನಾವನ್ನು ಗಾಡಿಯ ಛಾವಣಿಯ ನಡುವೆ ಕೂರಿಸಿ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಹಿಂದಿನ ಗಾಡಿಗೆ ನಿಮ್ಮದೇ ಗಾಡಿಯ ತಗಡು ಅಡ್ಡ. ಜೊತೆಗೆ ನಿಯೋ-6ಎಂ ಜಿಪಿಎಸ್, ಎಸ್‌ಡಿ ಕಾರ್ಡ್, 12 ವೋಲ್ಟ್‌ನ ಯುಎಸ್‌ಬಿ ಚಾರ್ಜರ್.

ಈ ಜಿಪಿಎಸ್ ಎಲ್ಲರನ್ನೂ ಒಮ್ಮೆ ಸತಾಯಿಸುತ್ತದೆ. ಪೆಟ್ಟಿಗೆಯಿಂದ ತೆಗೆದಾಗ ಅದು ಸೆಕೆಂಡಿಗೊಂದು ಸ್ಥಾನವನ್ನು 9600 ಬಾಡ್‌ನಲ್ಲಿ ಕೊಡುತ್ತದೆ. ಸೆಕೆಂಡಿಗೆ ಐದಕ್ಕೆ ಏರಿಸಬಹುದು, ಆದರೆ ಎಲ್ಲ ವಾಕ್ಯಗಳೂ ಬರುತ್ತಿದ್ದರೆ ಪ್ರತಿ ಬಾರಿ ಸುಮಾರು 450 ಬೈಟ್, ಆರಂಭ–ಅಂತ್ಯದ ಬಿಟ್ ಸೇರಿ ಬೈಟಿಗೆ ಹತ್ತರಂತೆ 4,500 ಬಿಟ್. ಐದು ಬಾರಿಗೆ 22,500. 9600ರ ಕೊಳವೆಯಲ್ಲಿ ಅದು ಹಿಡಿಸದೆ ವಾಕ್ಯಗಳು ತುಂಡಾಗಿ ಬರುತ್ತವೆ, ಗಾಡಿ ಆಗಾಗ ನಿಂತಲ್ಲೇ ನಿಂತಂತೆ ಲಾಗ್ ಆಗುತ್ತದೆ. ಆ ವಾಕ್ಯಗಳಲ್ಲಿ ಸ್ಥಾನ, ಸಮಯ, ವೇಗ ಹೇಳುವ ಆರ್‌ಎಂಸಿ, ಜಿಜಿಎ ಎರಡನ್ನೇ ಉಳಿಸಿ, ಬಾಡ್ 38400ಕ್ಕೆ ಏರಿಸಿ. ಲಾಗ್‌ನ ಸಮಯವನ್ನು ಜಿಪಿಎಸ್‌ನಿಂದಲೇ ತೆಗೆದುಕೊಳ್ಳಿ. ಬೋರ್ಡುಗಳ ಸ್ವಂತ ಗಡಿಯಾರಗಳು ಒಂದೊಂದು ಕಡೆ ಎಳೆಯುತ್ತವೆ, ಆಮೇಲೆ ಐದು ಲಾಗ್ ಹೊಂದಿಸಲು ಆಗದು. ಬೋರ್ಡ್ ಚಾಲೂ ಮಾಡುವುದು ಕತಗಾಲದಲ್ಲೋ ಇನ್ನೂ ಕೆಳಗೋ, ಆಕಾಶ ಕಾಣುವ ಬಯಲಿನಲ್ಲಿ. ಕಾಡಿನೊಳಗೆ ಶುರುಮಾಡಿದರೆ ಮೊದಲ ಸ್ಥಾನ ಸಿಗಲು ಬಹಳ ಹೊತ್ತು ಬೇಕು.

ಗುಂಪಿನ ಕೋಡ್ ಹಾಕುವ ಮೊದಲು ಒಂದು ದಿನ ಬರೀ ಬೀಕನ್ ಕಳಿಸಿ, ಕೇಳಿಸಿದ್ದನ್ನೆಲ್ಲ ದಾಖಲಿಸಿ. ಯಾವ ಮೀಟರಿನಿಂದ ಯಾವ ಮೀಟರಿಗೆ ಕೇಳಿಸಿತು ಎಂಬ ಆ ನಕ್ಷೆಯೇ ನಿಮ್ಮ ಪ್ರಾಜೆಕ್ಟಿನ ಅತಿ ಬೆಲೆಯುಳ್ಳ ಭಾಗ. ಎಲ್ಲೆಲ್ಲಿ ಮರೆ ಇದೆ ಎಂದು ಅದೇ ಹೇಳುತ್ತದೆ, ಪಾಲಿಗನ್‌ಗಳನ್ನು ಅದಕ್ಕೆ ಹೊಂದಿಸಬಹುದು, ಆಲ್ಗಾರಿದಮ್ ಎಷ್ಟು ಬಾರಿ ಬದಲಿಸಿದರೂ ಮನೆಯಲ್ಲೇ ಕುಳಿತು ಅದೇ ಲಾಗ್ ಮೇಲೆ ಓಡಿಸಬಹುದು. ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯಿರಿ. ಮಳೆಹನಿಗಳಿಂದ ಆಗುವ ನಷ್ಟ ಈ ದೂರಕ್ಕೆ ಲೆಕ್ಕಕ್ಕೇ ಇಲ್ಲ. ಗಂಟೆಗೆ 100 ಮಿ.ಮೀ. ಸುರಿದರೂ 5.9 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ ಒಂದು ಡೆಸಿಬೆಲ್ ಆಸುಪಾಸು. ಸಂಕೇತ ನುಂಗುವುದು ರಸ್ತೆಯ ಮೇಲೆ ಬಾಗಿದ ಒದ್ದೆ ಎಲೆಗಳು. ಬೋರ್ಡು, ಲ್ಯಾಪ್‌ಟಾಪ್ ನೋಡುವ ಕೆಲಸ ಪಕ್ಕದ ಸೀಟಿನವರದು, ಚಾಲಕರದ್ದಲ್ಲ.

ವರದಿಯಲ್ಲಿ ಹೆಡ್‌ನ ಸರಾಸರಿ ಆಯುಷ್ಯ, ಸದಸ್ಯತ್ವದ ಅವಧಿ, ನಿಮಿಷಕ್ಕೆ ಎಷ್ಟು ಹೆಡ್ ಬದಲಾವಣೆ, ನಿಯಂತ್ರಣ ಸಂದೇಶಗಳ ಪಾಲು ಕೊಡಿ. ಮೊದಲ 200 ಸೆಕೆಂಡು ಬಿಟ್ಟು ಲೆಕ್ಕಹಾಕಿ, ಕನಿಷ್ಠ ಹತ್ತು ಬೇರೆಬೇರೆ ಸೀಡ್‌ಗಳಲ್ಲಿ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಓಡಿಸಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಹೆಡ್ ಕಳಿಸಿದ ಸಂದೇಶಗಳಲ್ಲಿ ಶೇಕಡಾ ಎಷ್ಟು ಎಲ್ಲ ಸದಸ್ಯರಿಗೂ ತಲುಪಿತು ಎಂಬುದನ್ನು ಪಕ್ಕದಲ್ಲೇ ಹಾಕಿ. ಟೈಮ್‌ಔಟನ್ನು ಒಂದು ನಿಮಿಷ ಮಾಡಿದರೆ ಯಾವ ಗುಂಪೂ ಗಟ್ಟಿಯಾಗಿ ಕಾಣುತ್ತದೆ, ಯಾರಿಗೂ ಏನೂ ತಲುಪುತ್ತಿಲ್ಲದಿದ್ದರೂ. ಆ ಒಂದು ಅಂಕಿ ಇಲ್ಲದ ಫಲಿತಾಂಶವನ್ನು ನಾನಾದರೆ ಒಪ್ಪುವುದಿಲ್ಲ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದು ನೀವು ಸಿಮ್ಯುಲೇಶನ್ ಮಾಡಿರುವ ಅದೇ ಅಂಕೋಲಾ–ಕುಮಟಾ ನಡುವೆ. ಅಂಥ ಹೊತ್ತಿನಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಘಟ್ಟದಲ್ಲೂ, ಹಿಂದೆ ಬರುವವರಿಗೆ ಸುದ್ದಿ ಮುಟ್ಟಬೇಕು. ಅದಕ್ಕಾಗಿ ಒಂದು ಸನ್ನಿವೇಶ ಕಡ್ಡಾಯವಾಗಿ ಸೇರಿಸಿ: ರಸ್ತೆಯ ಒಂದು ಬಿಂದುವಿನಲ್ಲಿ ಗಾಡಿಗಳನ್ನು ನಿಲ್ಲಿಸಿ, ಎಚ್ಚರಿಕೆ ಎರಡು ಕಿಲೋಮೀಟರ್ ಹಿಂದಿರುವ ಗುಂಪಿಗೆ ಎಷ್ಟು ಸೆಕೆಂಡಿನಲ್ಲಿ ತಲುಪಿತು ಎಂದು ಅಳೆಯಿರಿ. ನಡುವೆ ಗಾಡಿಗಳೇ ಇಲ್ಲದ ಖಾಲಿ ರಸ್ತೆ ಇದ್ದರೆ ಗುಂಪಿನೊಳಗಿನ ಹಾಪ್‌ಗಳಿಂದ ಅದು ದಾಟದು. ಸುದ್ದಿ ಕೇಳಿ ಅಲ್ಲೇ ತಿರುಗಿಸಿಕೊಂಡ ಗಾಡಿ, ಅಥವಾ ಕುಸಿತಕ್ಕೆ ಸ್ವಲ್ಪ ಮೊದಲು ಆ ಜಾಗ ದಾಟಿ ಎದುರು ದಿಕ್ಕಿಗೆ ಹೋಗುತ್ತಿರುವ ಗಾಡಿ, ಸಂದೇಶವನ್ನು ಹೊತ್ತು ಇಳಿಯುತ್ತ ಮೊದಲು ಸಿಕ್ಕ ಗುಂಪಿನ ಹೆಡ್‌ಗೆ ಒಪ್ಪಿಸಬೇಕು. ಗುಂಪು ಕಟ್ಟಲು ಬೇಡವೆಂದು ಬಿಟ್ಟ ಆ 14 ಸೆಕೆಂಡಿನ ಭೇಟಿ ಈ ಕೆಲಸಕ್ಕೆ ಧಾರಾಳ ಸಾಕು, 25 ಬೈಟಿನ ಎಚ್ಚರಿಕೆಗೆ ಒಂದು ಸೆಕೆಂಡೂ ಬೇಡ.